ಕೊನೆಯ ಹತ್ತು ನಿಮಿಷದ ಹಾಡು



ಗ್ರಾಮಫೋನ್ ತಟ್ಟೆಗೆ ಎರಡು ಮುಖ. ಹಿರಿಯರಿಗೆ ಇದು ಗೊತ್ತಿರುವ ಮಾತು. ಫೋನಿನಲ್ಲೇ ಹಾಡು ಕೇಳಿ ಬೆಳೆದ ಮಕ್ಕಳಿಗೆ ಮಾತ್ರ ಹೇಳಬೇಕಾಗುತ್ತದೆ. ಏಳು ಅಂಗುಲ ಅಗಲದ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ದಶಕಗಳ ಕಾಲ ಮಾರಾಟವಾಯಿತು. ಅದಕ್ಕೆ ‘ಸಿಂಗಲ್’ ಎಂದು ಹೆಸರು. ಹೆಸರು ಒಂಟಿಯದಾದರೂ ಅದರಲ್ಲಿ ಹಾಡು ಎರಡು. ಕಂಪನಿ ಯಾವ ಹಾಡನ್ನು ನಂಬಿ ಹಣ ಹೂಡಿದೆಯೋ ಅದು ‘ಎ ಸೈಡ್’. ಹಿಂಬದಿಯನ್ನು ಖಾಲಿ ಬಿಡುವಂತಿಲ್ಲವಲ್ಲ ಎಂದು ತುಂಬಿಸಿದ್ದು ‘ಬಿ ಸೈಡ್’. ಊಟದೆಲೆಯ ಮೂಲೆಯಲ್ಲಿ ಉಪ್ಪು ಬಡಿಸುವ ಹಾಗೆ ಅದೊಂದು ಶಾಸ್ತ್ರ. ಕೊಳ್ಳುವವರು ಅದನ್ನು ಕೇಳಿದರೆ ಕೇಳಿದರು, ಬಿಟ್ಟರೆ ಬಿಟ್ಟರು.

ಹೀಗೆ ಹಿಂಬದಿಗೆಂದು ತಯಾರಾದ ಒಂದು ಹಾಡಿನ ವಿಚಾರವನ್ನು ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಹಾಡಿನ ಹೆಸರು ‘ಕುಂಗ್ ಫೂ ಫೈಟಿಂಗ್’. ವರ್ಷ 1974, ಊರು ಲಂಡನ್. ಹಾಡಿದವರು ಕಾರ್ಲ್ ಡಗ್ಲಸ್, ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆ ನಿಂತ ಗಾಯಕ. ಹಾಡಿಗೆ ರಾಗ ಕೂಡಿಸಿ ಧ್ವನಿಮುದ್ರಣ ಮಾಡಿಸಿದವರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಬಿದ್ದು ಅಪ್ಪಯ್ಯ. ಕೊಡವ ಮನೆತನದವರು. ‘ಬಿದ್ದು’ ಎಂದರೆ ಕನ್ನಡದ ಕಿವಿಗೆ ತುಸು ನಗು ಬರಬಹುದು. ಕೊಡವರಲ್ಲಿ ಬಿದ್ದಪ್ಪ ಎಂಬುದು ಮನೆಮನೆಯ ಹೆಸರು. ಜಗತ್ತಿನ ತಟ್ಟೆಗಳ ಮೇಲೆ ಮಾತ್ರ ಅವರು ಬರೀ ‘ಬಿದ್ದು’ ಎಂದೇ ಅಚ್ಚಾದರು. ಹಾಡು ಕೋಟಿಗಟ್ಟಲೆ ಜನರ ಕಿವಿಗೆ ಬಿದ್ದಿದೆ. ಅದರ ಹಿಂದಿನ ವ್ಯಕ್ತಿ ಬೆಂಗಳೂರಿನವರೆಂಬ ಸಂಗತಿ ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು?

ಮುಂದೆ ಹೋಗುವ ಮುನ್ನ ಒಂದು ಪದವನ್ನು ಬಿಡಿಸಿ ಹೇಳಬೇಕು. ಅವರನ್ನು ಆ ಲೋಕದಲ್ಲಿ ‘ರೆಕಾರ್ಡ್ ಪ್ರೊಡ್ಯೂಸರ್’ ಎನ್ನುತ್ತಾರೆ. ನಮ್ಮ ಸಿನಿಮಾದಲ್ಲಿ ನಿರ್ಮಾಪಕ ಎಂದರೆ ಹಣ ಹಾಕುವವರು. ದೂರದರ್ಶನದಲ್ಲಿ ನನ್ನಂಥ ನಿರ್ಮಾಪಕನ ಕಿಸೆಯಿಂದ ಕಾಸು ಹೋಗುವುದಿಲ್ಲ, ಕಿಸೆಗೆ ಲಾಭವೂ ಬರುವುದಿಲ್ಲ. ಯಾರನ್ನು ಕರೆಯಬೇಕು, ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಕತ್ತರಿಸಬೇಕು, ಗಡಿಯಾರ ಎಷ್ಟು ತೋರಿಸುತ್ತಿದೆ – ಇದಿಷ್ಟೇ ನಮ್ಮ ಕಸಬು. ಧ್ವನಿಮುದ್ರಿಕೆಯ ಪ್ರೊಡ್ಯೂಸರ್ ನಮಗೆ ಹತ್ತಿರದ ನೆಂಟ. ಹಾಡನ್ನು ಆರಿಸುವವನು, ವಾದ್ಯಗಾರರನ್ನು ಗೊತ್ತುಮಾಡುವವನು, ಗಾಯಕನಿಂದ ಬೇಕಾದದ್ದನ್ನು ಹೊರತೆಗೆಯುವವನು, ಕೊನೆಗೆ ‘ಇದು ಸಾಕು’ ಎಂದು ಹೇಳುವವನು ಆತನೇ. ಹಾಡು ಗೆದ್ದರೆ ಜನ ಗಾಯಕನನ್ನು ನೆನೆಯುತ್ತಾರೆ. ಸೋತರೆ ಕಂಪನಿ ಪ್ರೊಡ್ಯೂಸರನನ್ನು ನೆನೆಯುತ್ತದೆ.

ಬಿದ್ದು ಅವರು ಬಾಲ್ಯದಲ್ಲಿ ರೇಡಿಯೋ ಸಿಲೋನಿನ ಪಾಶ್ಚಾತ್ಯ ಹಾಡುಗಳನ್ನು ಕೇಳಿ ಬೆಳೆದವರು. ಗಿಟಾರ್ ಕಲಿತು, ಗೆಳೆಯರನ್ನು ಸೇರಿಸಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿದರು. ಬೆಂಗಳೂರಿನಲ್ಲಿ ನುಡಿಸಿದರು, ಕಲ್ಕತ್ತೆಗೆ ಹೋದರು, ಮುಂಬಯಿಗೆ ಹೋದರು. ಜೊತೆಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಒಂಟಿಯಾಗಿಯೇ ಹಾಡಿದರು. 1967ರಲ್ಲಿ ಇಂಗ್ಲೆಂಡ್ ಸೇರಿದರು. ಅಲ್ಲಿ ಅವರನ್ನು ಎದುರುಗೊಳ್ಳಲು ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ, ಉಳಿದ ಹೊತ್ತಿನಲ್ಲಿ ಸಂಗೀತ. 1969ರಲ್ಲಿ ‘ಟೈಗರ್ಸ್’ ಎಂಬ ಜಪಾನೀ ತಂಡಕ್ಕೆ ಒಂದು ಹಾಡನ್ನು ಮುದ್ರಿಸಿಕೊಟ್ಟರು. ಅದು ಜಪಾನಿನಲ್ಲಿ ಚೆನ್ನಾಗಿ ಓಡಿತು. ಮುಂದಿನ ಐದು ವರ್ಷ ಇಂಗ್ಲೆಂಡಿನ ಕುಣಿತದ ಕ್ಲಬ್ಬುಗಳಲ್ಲಿ ಒಂದಿಷ್ಟು ಓಡಿ, ಹೊರಗೆ ಯಾರಿಗೂ ಗೊತ್ತಾಗದೆ ಹೋದ ತಟ್ಟೆಗಳನ್ನು ಮಾಡುತ್ತಿದ್ದರು. ಈ ಐದು ವರ್ಷಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ‘ಹತ್ತು ನಿಮಿಷ’ ಎಂಬ ಮಾತು ಬರುತ್ತದೆ.

1974ರಲ್ಲಿ ಅವರು ಕಾರ್ಲ್ ಡಗ್ಲಸ್‌ರಿಂದ ಒಂದು ಪ್ರೇಮಗೀತೆಯನ್ನು ಹಾಡಿಸಲು ಸ್ಟುಡಿಯೋ ಗೊತ್ತುಮಾಡಿದರು. ‘ಐ ವಾಂಟ್ ಟು ಗಿವ್ ಯೂ ಮೈ ಎವ್ರಿಥಿಂಗ್’ ಎಂಬುದು ಆ ಹಾಡು. ಬರೆದವರು ಲ್ಯಾರಿ ವೈಸ್, ಅಮೆರಿಕದ ಹೆಸರಾಂತ ಗೀತರಚನಕಾರರು. ಇಂಗ್ಲೆಂಡಿನಲ್ಲಿ ವಾದ್ಯಗಾರರ ಒಂದು ಪಾಳಿ ಎಂದರೆ ಮೂರು ಗಂಟೆ. ಅದು ಮೀರಿದರೆ ಹೆಚ್ಚುವರಿ ಕೂಲಿ. ಸ್ಟುಡಿಯೋ ಪಾಳಿಯ ಲೆಕ್ಕದಲ್ಲಿ ಕೆಲಸ ಮಾಡಿದವರಿಗೆ ಆ ಮೂರನೆಯ ಗಂಟೆ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ದೀಪದವರು ಗಡಿಯಾರ ನೋಡತೊಡಗುತ್ತಾರೆ. ಚಹಾ ಲೋಟಗಳು ಮೂಲೆ ಸೇರಿರುತ್ತವೆ.

ಎರಡು ಗಂಟೆಗೂ ಮೀರಿದ ಸಮಯ ಪ್ರೇಮಗೀತೆಗೇ ಹೋಯಿತು. ನಂತರ ಸ್ವಲ್ಪ ಬಿಡುವು. ಹಿಂಬದಿಗೆ ಏನಾದರೂ ಬೇಕಲ್ಲ, ನಿಮ್ಮಲ್ಲಿ ಏನಾದರೂ ಬರೆದದ್ದಿದೆಯೇ ಎಂದು ಬಿದ್ದು ಗಾಯಕನನ್ನೇ ಕೇಳಿದರು. ಡಗ್ಲಸ್ ನಾಲ್ಕಾರು ಹಾಡುಗಳ ಸಾಹಿತ್ಯ ತೋರಿಸಿದರು. ಅದರಲ್ಲೊಂದು ಕುಂಗ್ ಫೂ ಕುರಿತದ್ದು. ಬ್ರೂಸ್ ಲೀ 1973ರ ಜುಲೈನಲ್ಲಿ ತೀರಿಕೊಂಡಿದ್ದರು, ಅದರ ಬೆನ್ನಲ್ಲೇ ಅವರ ‘ಎಂಟರ್ ದಿ ಡ್ರ್ಯಾಗನ್’ ಚಿತ್ರ ತೆರೆಕಂಡಿತ್ತು. ಲಂಡನ್ನಿನ ಬೀದಿಗಳಲ್ಲಿ ಹುಡುಗರು ಕೈಕಾಲು ಬೀಸುತ್ತಾ ಆ ವರಸೆಗಳನ್ನು ಅನುಕರಿಸುತ್ತಿದ್ದ ಕಾಲ. ಅಂಥದೇ ಇಬ್ಬರು ಹುಡುಗರನ್ನು ಕಂಡು ಡಗ್ಲಸ್‌ಗೆ ಹಾಡು ಹೊಳೆದಿತ್ತು. ಬಿದ್ದು ಅದನ್ನು ಆರಿಸಿ, ಅಲ್ಲೇ ರಾಗ ಕೂಡಿಸಿದರು. ಉಳಿದಿದ್ದ ಸುಮಾರು ಹತ್ತು ನಿಮಿಷದಲ್ಲಿ ಹಾಡು ಮುದ್ರಣವಾಯಿತು. ಹಿಂಬದಿಯ ಹಾಡಲ್ಲವೇ, ಯಾರು ಕೇಳುತ್ತಾರೆ ಎಂಬ ಧೈರ್ಯದಿಂದಲೇ ‘ಹೂ’, ‘ಹಾ’ ಎಂಬ ಹೊಡೆದಾಟದ ಕೂಗುಗಳನ್ನು ಬೇಕಾಬಿಟ್ಟಿಯಾಗಿ ಸೇರಿಸಿದೆ ಎಂದು ಬಿದ್ದು ಅವರೇ ಮುಂದೆ ಹೇಳಿದ್ದಾರೆ.

ಈ ಹತ್ತು ನಿಮಿಷದ ಕಥೆ ಬಹಳ ಪ್ರಸಿದ್ಧ. ನಮ್ಮ ಕಡೆಯೂ ಹೊಸ ಸಂಗೀತ ನಿರ್ದೇಶಕರು ಇದನ್ನು ಉತ್ಸಾಹದಿಂದ ಹೇಳುತ್ತಾರೆ: ನೋಡಿ ಸಾರ್, ಒಳ್ಳೆಯ ಹಾಡು ಹತ್ತು ನಿಮಿಷದಲ್ಲಿ ಆಗುತ್ತದೆ! ನನಗೆ ಈ ತರ್ಕ ಒಪ್ಪಿಗೆಯಿಲ್ಲ. ಆ ದಿನ ಕೋಣೆಯಲ್ಲಿ ಯಾರಿದ್ದರು ಎಂಬುದನ್ನು ನೋಡಬೇಕು. ಕಾಗದ ನೋಡಿದೊಡನೆ ನುಡಿಸಬಲ್ಲ ನುರಿತ ವಾದ್ಯಗಾರರು. ಎರಡು ಗಂಟೆ ಹಾಡಿ ಗಂಟಲು ಬಿಸಿಯಾಗಿದ್ದ ಗಾಯಕ. ಮೈಕುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ, ಧ್ವನಿಯ ಮಟ್ಟಗಳೆಲ್ಲ ಸರಿಹೊಂದಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಕುಣಿಯುವವರ ಕಾಲಿಗೆ ಏನು ಬೇಕೆಂದು ಐದು ವರ್ಷದಿಂದ ಕಲಿಯುತ್ತಿದ್ದ ಒಬ್ಬ ಪ್ರೊಡ್ಯೂಸರ್. ಸ್ನಾನದ ಹಂಡೆಯ ನೀರು ಕೊನೆಯ ನಿಮಿಷದಲ್ಲಿ ಕುದಿಯುತ್ತದೆ. ಒಲೆಗೆ ಬೆಂಕಿ ಹಾಕಿದ್ದು ಯಾವಾಗ ಎಂದು ಕೇಳುವವರಿಲ್ಲ.

ಆದರೆ ಒಂದು ಮಾತು ನಿಜ. ಮೊದಲ ಹಾಡಿನ ಮೇಲೆ ಎಲ್ಲರ ಕಣ್ಣಿತ್ತು. ಎರಡನೆಯದರ ಮೇಲೆ ಯಾರ ಕಣ್ಣೂ ಇರಲಿಲ್ಲ. ಕಣ್ಣಿಲ್ಲದ ಕಡೆ ಕೈ ಸಡಿಲವಾಗುತ್ತದೆ. ಆ ಕೂಗುಗಳಲ್ಲಿರುವ ತುಂಟತನ ಹುಟ್ಟಿದ್ದು ಆ ಸಡಿಲಿನಿಂದ.

ಮುದ್ರಿಸಿದ ಹಾಡುಗಳನ್ನು ಬಿದ್ದು ಲಂಡನ್ನಿನ ಪೈ ರೆಕಾರ್ಡ್ಸ್ ಕಂಪನಿಗೆ ಒಯ್ದರು. ನಮ್ಮ ಕರಾವಳಿಯ ಪೈಗಳಿಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಅಲ್ಲಿ ಹಾಡುಗಳನ್ನು ಆರಿಸುವ ಹೊಣೆ ಹೊತ್ತಿದ್ದವರು ರಾಬಿನ್ ಬ್ಲ್ಯಾಂಚ್‌ಫ್ಲವರ್. ಪ್ರೇಮಗೀತೆಯ ಜೊತೆಗೆ ಎರಡನೆಯದನ್ನೂ ಕೇಳಿದ ಅವರು, ಇದೇ ಮುಂದಿನ ಮುಖವಾಗಬೇಕು ಎಂದು ಹಟ ಹಿಡಿದರು. ಕಂಪನಿಯ ಮೇಜಿನ ಮುಂದೆ ಕುಳಿತವರು ಯಾವಾಗಲೂ ತಪ್ಪಾಗಿಯೇ ಕೇಳುತ್ತಾರೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇಲ್ಲಿ ಸರಿಯಾಗಿ ಕೇಳಿದವರು ಕಂಪನಿಯವರೇ. ಹಾಡಿನ ಜನಕರಿಗೂ ಇರದ ನಂಬಿಕೆ ಅವರಲ್ಲಿತ್ತು.

ತಟ್ಟೆ ಅಂಗಡಿಗೆ ಬಂತು. ಆಮೇಲೆ? ಏನೂ ಆಗಲಿಲ್ಲ. ಮೊದಲ ಐದು ವಾರ ರೇಡಿಯೋ ಅದನ್ನು ಹಾಕಲಿಲ್ಲ. ಇಂಗ್ಲೆಂಡಿನಲ್ಲಿ ಆಗ ಹಾಡೊಂದು ಜನರನ್ನು ಮುಟ್ಟುವ ರಾಜಮಾರ್ಗವೆಂದರೆ ಬಿಬಿಸಿಯ ‘ರೇಡಿಯೋ ಒನ್’. ಖಾಸಗಿ ಬಾನುಲಿ ಕೇಂದ್ರಗಳು 1973ರ ಅಕ್ಟೋಬರಿನಲ್ಲಷ್ಟೇ ಆರಂಭವಾಗಿದ್ದವು. ರೇಡಿಯೋ ಒಲ್ಲೆ ಎಂದ ಹಾಡನ್ನು ಸಾಮಾನ್ಯವಾಗಿ ಐದು ವಾರಕ್ಕೆ ಅಂಗಡಿಯವರು ಗೋಣಿಗೆ ತುಂಬುತ್ತಾರೆ.

ಕೈಬಿಡದೆ ಇದ್ದವರು ಕುಣಿತದ ಕ್ಲಬ್ಬುಗಳಲ್ಲಿ ತಟ್ಟೆ ಹಾಕುವವರು. ‘ಡಿಸ್ಕೊ’ ಎಂಬ ಪದ ತಟ್ಟೆಯಿಂದಲೇ ಬಂದದ್ದು: ವಾದ್ಯಗಾರರ ಬದಲು ತಟ್ಟೆಯ ಸಂಗೀತಕ್ಕೆ ಜನ ಕುಣಿಯುವ ಜಾಗ ಡಿಸ್ಕೊಥೆಕ್. ಅಲ್ಲಿ ಶನಿವಾರ ರಾತ್ರಿ ಈ ಹಾಡು ಹಾಕಿದರೆ ನೆಲ ತುಂಬುತ್ತಿತ್ತು. ಕುಣಿದವರು ಸೋಮವಾರ ಅಂಗಡಿಗೆ ಹೋಗಿ, ಆ ‘ಹೂ ಹಾ’ ಹಾಡು ಕೊಡಿ ಎನ್ನುತ್ತಿದ್ದರು.

ಒಂದೇ ಹಾಡು ರೇಡಿಯೋದವರಿಗೆ ಬೇಡವಾಗಿ, ಕುಣಿಯುವವರಿಗೆ ಬೇಕಾದದ್ದೇಕೆ? ಅಭಿರುಚಿಯ ವ್ಯತ್ಯಾಸ ಎಂದು ಹೇಳಿ ಮುಗಿಸಬಹುದು. ನಾನು ವಿಜ್ಞಾನ ಓದಿದವನು, ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂರು ವರ್ಷ ಶ್ರುತಿಕವೆ ತಟ್ಟಿದವನು. ನನಗೆ ಇನ್ನೊಂದು ಕಾರಣವೂ ತೋರುತ್ತದೆ. ಇದು ನನ್ನ ಊಹೆ ಎಂದೇ ತಾವು ತಿಳಿಯಬೇಕು.

ಆ ದಿನಗಳಲ್ಲಿ ರೇಡಿಯೋ ಒನ್ ಮುಖ್ಯವಾಗಿ ಪ್ರಸಾರವಾಗುತ್ತಿದ್ದುದು ಮಧ್ಯಮ ತರಂಗಾಂತರದಲ್ಲಿ. ಕೇಳುವ ಪೆಟ್ಟಿಗೆ ಅಡಿಗೆಮನೆಯ ಟ್ರಾನ್ಸಿಸ್ಟರ್. ಅದರ ಧ್ವನಿವರ್ಧಕ ಅಂಗೈ ಅಗಲದ್ದು. ಸೆಕೆಂಡಿಗೆ 60 ಬಾರಿ ಕಂಪಿಸುವ ಒಂದು ತಗ್ಗು ಸ್ವರವನ್ನು ತೆಗೆದುಕೊಳ್ಳಿ. ಗಾಳಿಯಲ್ಲಿ ಅದರ ಅಲೆಯ ಉದ್ದ ಸುಮಾರು ಐದೂವರೆ ಮೀಟರ್, ಒಂದು ಕೋಣೆಯಷ್ಟು. ಅಂಥ ಅಲೆಯನ್ನು ಎಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. ಅಂಗೈ ಅಗಲದ ಕಾಗದದ ಬಟ್ಟಲಿಗೆ ಅದು ಆಗದ ಕೆಲಸ. ಹಾಗಾಗಿ ಟ್ರಾನ್ಸಿಸ್ಟರಿನಲ್ಲಿ ಕೇಳಿದರೆ ಈ ಹಾಡಿನ ತಳವೇ ಇಲ್ಲ. ಉಳಿಯುವುದು ಮೇಲಿನ ಕೊಳಲು, ಕೂಗು, ಹಾಸ್ಯದ ಸಾಹಿತ್ಯ. ಒಂದು ತಮಾಷೆಯ ಹಾಡು, ಅಷ್ಟೇ. ಕ್ಲಬ್ಬಿನಲ್ಲಿ ಆಳೆತ್ತರದ ಪೆಟ್ಟಿಗೆಗಳು. ಅಲ್ಲಿ ಬಾಸ್ ಗಿಟಾರಿನ ಸ್ವರ ಕಿವಿಗೆ ಬರುವ ಮುಂಚೆ ಎದೆಗೆ ಬರುತ್ತದೆ, ಕಾಲಡಿಯ ಹಲಗೆಗೆ ಬರುತ್ತದೆ. ನಮ್ಮೂರ ಜಾತ್ರೆಯಲ್ಲಿ ನಗಾರಿಯ ಹತ್ತಿರ ನಿಂತವರಿಗೆ ಈ ಅನುಭವ ಇದ್ದೇ ಇರುತ್ತದೆ. ಅದೇ ನಗಾರಿಯನ್ನು ಫೋನಿನಲ್ಲಿ ಹಿಡಿದು ಮನೆಗೆ ತಂದು ಕೇಳಿದರೆ ತಗಡು ಬಡಿದಂತಿರುತ್ತದೆ. ಅಂದರೆ ರೇಡಿಯೋದ ಹಾಡು ಬೇರೆ, ಕ್ಲಬ್ಬಿನ ಹಾಡು ಬೇರೆ. ತಟ್ಟೆ ಮಾತ್ರ ಒಂದೇ.

ಹಾಡಿನ ನಡೆಯೂ ಗಮನಿಸತಕ್ಕದ್ದು. ನಿಮಿಷಕ್ಕೆ ನೂರರ ಆಸುಪಾಸು ಮಿಡಿತ. ಮೆಟ್ಟಿಲು ಹತ್ತಿ ನಿಂತವನ ನಾಡಿ ಹೀಗಿರುತ್ತದೆ. ಕುಣಿತ ಬಾರದವನೂ ಹೆಜ್ಜೆ ಹಾಕಬಲ್ಲ ವೇಗ. ಅದರ ಮೇಲೆ ಕೈ ಬೀಸುವ, ಕಾಲೆತ್ತುವ ಅಭಿನಯವನ್ನು ಹಾಡೇ ಹೇಳಿಕೊಡುತ್ತದೆ. ನೃತ್ಯ ಕಲಿಸದೆ ಕುಣಿಸುವ ಹಾಡು.

ಇಂಗ್ಲೆಂಡಿನ ಮಾರಾಟದ ಪಟ್ಟಿಯನ್ನು ಆಗ ಆಯ್ದ ಅಂಗಡಿಗಳ ಮಾರಾಟದ ಲೆಕ್ಕದಿಂದ ತಯಾರಿಸುತ್ತಿದ್ದರು. ರೇಡಿಯೋ ಹಾಕಿತೋ ಬಿಟ್ಟಿತೋ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಹೀಗಾಗಿ ಕುಣಿಯುವವರು ಕೊಂಡದ್ದು ನೇರವಾಗಿ ಪಟ್ಟಿಗೆ ಬಂತು. 1974ರ ಆಗಸ್ಟ್ 17ರ ಪಟ್ಟಿಯಲ್ಲಿ ಹಾಡು 42ನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ಸೆಪ್ಟೆಂಬರ್ 21ಕ್ಕೆ ಮೊದಲನೆಯ ಸ್ಥಾನ. ಅಲ್ಲಿ ಮೂರು ವಾರ ನಿಂತಿತು. ಅಷ್ಟು ಹೊತ್ತಿಗೆ ರೇಡಿಯೋ ಕೂಡ ಹಿಂದಿನ ಬೆಂಚಿನಿಂದ ಎದ್ದು ಬಂದಿತ್ತೆಂದು ಬೇರೆ ಹೇಳಬೇಕಿಲ್ಲ.

ಡಿಸೆಂಬರಿನಲ್ಲಿ ಅಮೆರಿಕದ ಸರದಿ. ಅಲ್ಲಿಯೂ ಎರಡು ವಾರ ಮೊದಲನೆಯ ಸ್ಥಾನ. ಅಮೆರಿಕದಲ್ಲಿ ಆಗ ಹಾಡುಗಳಿಗೆ ಒಂದೇ ಪಟ್ಟಿ ಇರಲಿಲ್ಲ. ಎಲ್ಲ ಜನರದೆಂಬ ಪಾಪ್ ಪಟ್ಟಿ ಒಂದು. ಕಪ್ಪು ಜನರ ಅಂಗಡಿಗಳಲ್ಲಿ, ಅವರ ಬಾನುಲಿಗಳಲ್ಲಿ ನಡೆಯುವ ‘ಸೋಲ್’ ಪಟ್ಟಿ ಇನ್ನೊಂದು. ನಡುವೆ ಗೋಡೆ. ಒಂದು ಕಡೆಯ ಹಾಡು ಗೋಡೆ ದಾಟಿ ಇನ್ನೊಂದು ಕಡೆಯೂ ಗೆದ್ದರೆ ಅದನ್ನು ‘ಕ್ರಾಸ್‌ಓವರ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗಡಿ ದಾಟಿದ ಹಾಡು. ‘ಕುಂಗ್ ಫೂ ಫೈಟಿಂಗ್’ ಎರಡೂ ಪಟ್ಟಿಗಳ ತಲೆಗೇರಿತು. ಅದೇ ಬೇಸಿಗೆಯಲ್ಲಿ ‘ರಾಕ್ ದಿ ಬೋಟ್’, ‘ರಾಕ್ ಯುವರ್ ಬೇಬಿ’ ಎಂಬ ಇನ್ನೆರಡು ಕುಣಿತದ ಹಾಡುಗಳೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದವು. ಬಾಗಿಲು ಆಗಲೇ ಅರೆ ತೆರೆದಿತ್ತು. ಆದರೂ ಜಮೈಕಾದ ಗಾಯಕ, ಬೆಂಗಳೂರಿನ ಸಂಯೋಜಕ, ಲಂಡನ್ನಿನ ವಾದ್ಯಗಾರರು, ಹಾಂಕಾಂಗ್ ಚಿತ್ರಗಳ ವಿಷಯ – ಇಷ್ಟು ಗಡಿಗಳನ್ನು ಒಟ್ಟಿಗೆ ದಾಟಿದ ಇನ್ನೊಂದು ತಟ್ಟೆ ಆ ವರ್ಷ ಇರಲಿಲ್ಲವೆಂದು ನನ್ನ ಭಾವನೆ. ಜಗತ್ತಿನಾದ್ಯಂತ ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವೆಂದು ಹೇಳಲಾಗುತ್ತದೆ.

ಈಗ ಒಂದು ಅಪ್ರಿಯವಾದ ಮಾತು. ಹಾಡಿನ ಆರಂಭದಲ್ಲಿ ಬರುವ, ಎಲ್ಲರಿಗೂ ನೆನಪಿರುವ ಆ ಒಂಬತ್ತು ಸ್ವರಗಳ ತುಣುಕು ಚೀನಾದ ಯಾವ ರಾಗವೂ ಅಲ್ಲ. ಪಾಶ್ಚಾತ್ಯ ರಂಗಭೂಮಿಯವರು, ಸಿನಿಮಾದವರು ‘ಇದು ಪೂರ್ವದೇಶ’ ಎಂದು ಸೂಚಿಸಲು ಬಹುಕಾಲದಿಂದ ಬಳಸುತ್ತಿದ್ದ ಒಂದು ಗುರುತು ಅದು. ಭಾರತವೆಂದರೆ ಹಾವಾಡಿಗನ ಪುಂಗಿ ಊದಿಬಿಡುವ ವಿದೇಶೀ ಚಿತ್ರಗಳನ್ನು ತಾವು ನೋಡಿರುತ್ತೀರಿ; ನಮಗೆ ಎಷ್ಟು ಕಸಿವಿಸಿಯಾಗುತ್ತದೆ! ಇದೂ ಅದೇ ಜಾತಿ. ಚೀನೀಯರನ್ನು ಕುರಿತು ಹಾಡಿನಲ್ಲಿ ಬರುವ ಮಾತುಗಳನ್ನೂ ಇಂದು ಯಾವ ನಿರ್ಮಾಪಕನೂ ಯೋಚಿಸದೆ ಪ್ರಸಾರಕ್ಕೆ ಬಿಡಲಾರ. ಬಿಳಿಯರ ದೇಶದಲ್ಲಿ ತಾವೇ ಪರಕೀಯರಾಗಿದ್ದ ಇಬ್ಬರು ಸೇರಿ ಮೂರನೆಯವರ ವ್ಯಂಗ್ಯಚಿತ್ರ ಬರೆದರಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅವರಲ್ಲಿ ದ್ವೇಷವಿರಲಿಲ್ಲ, ಬ್ರೂಸ್ ಲೀ ಮೇಲಿನ ಮೋಹವಿತ್ತು ಎಂಬುದು ಹಾಡು ಕೇಳಿದವರಿಗೆ ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕು.

ಕಾರ್ಲ್ ಡಗ್ಲಸ್‌ಗೆ ಆ ಎತ್ತರ ಮತ್ತೆ ಸಿಗಲಿಲ್ಲ. ಹಾಡಿನ ಬೆನ್ನಿಗೆ ಬಂದ ದೊಡ್ಡ ತಟ್ಟೆಗೆ ಕಂಪನಿ ಇಟ್ಟ ಹೆಸರು ‘ಕುಂಗ್ ಫೂ ಫೈಟಿಂಗ್ ಅಂಡ್ ಅದರ್ ಗ್ರೇಟ್ ಲವ್ ಸಾಂಗ್ಸ್’. ‘ಕುಂಗ್ ಫೂ ಹೊಡೆದಾಟ ಮತ್ತಿತರ ಶ್ರೇಷ್ಠ ಪ್ರೇಮಗೀತೆಗಳು’! ಈ ಶೀರ್ಷಿಕೆ ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಪಾಪ ಎಂದೂ ಅನಿಸುತ್ತದೆ. ಆತನನ್ನು ಪ್ರೇಮಗೀತೆಯ ಗಾಯಕನನ್ನಾಗಿ ಮಾಡಬೇಕೆಂದು ಹೊರಟಿದ್ದರು. ಜನ ಹಿಂಬದಿಯ ಹಾಡನ್ನು ಮೆಚ್ಚಿದರು. ಮತ್ತೆ ಮತ್ತೆ ಅದನ್ನೇ ಕೇಳಿದರು. ಅಂಥದೇ ಕುಂಗ್ ಫೂ ಹಾಡು ಇನ್ನೊಂದು ಮಾಡಿದರೂ ಅದು ಮೊದಲಿನಂತೆ ಓಡಲಿಲ್ಲ. ಈ ಬಾರಿ ಎಲ್ಲರ ಕಣ್ಣೂ ಅದರ ಮೇಲಿತ್ತು.

ಬಿದ್ದು ಅವರ ಗತಿ ಹಾಗಾಗಲಿಲ್ಲ. ಪ್ರೊಡ್ಯೂಸರನ ಮುಖ ಜನರಿಗೆ ಗೊತ್ತಿರದ ಕಾರಣ ಒಂದೇ ಹಾಡಿಗೆ ಅಂಟಿಕೊಂಡುಳಿಯುವ ಶಿಕ್ಷೆಯೂ ಇರುವುದಿಲ್ಲ. 1976ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಯಿಂದ ಅವರು ಮಾಡಿಸಿದ ‘ಐ ಲವ್ ಟು ಲವ್’ ಇಂಗ್ಲೆಂಡಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಹೋಯಿತು. ಅದಾಗಿ ನಾಲ್ಕು ವರ್ಷಕ್ಕೆ ನಮ್ಮ ಕಡೆ ತಿರುಗಿದರು.

ತಿರುಗಿಸಿದವರು ಫಿರೋಜ್ ಖಾನ್. ಅವರೂ ಬೆಂಗಳೂರಿನಲ್ಲೇ ಹುಟ್ಟಿದವರು, 2009ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದವರು. ‘ಕುರ್ಬಾನಿ’ ಚಿತ್ರದ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಆದರೆ ಒಂದೇ ಒಂದು ಹಾಡು ಬೇರೆ ಬಗೆಯದು ಬೇಕೆಂದು ಅವರು ಲಂಡನ್ನಿನಲ್ಲಿ ಬಿದ್ದು ಅವರನ್ನು ಹಿಡಿದರು. ಗಾಯಕಿಯೂ ಅಲ್ಲೇ ಸಿಕ್ಕಳು: ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಶಾಲೆಗೆ ಹೋಗುತ್ತಿದ್ದ ನಾಜಿಯಾ ಹಸನ್. ವಯಸ್ಸು ಸುಮಾರು ಹದಿನೈದು. ಹಾಡು ‘ಆಪ್ ಜೈಸಾ ಕೋಯಿ’.

ಇಲ್ಲೊಂದು ತಾಂತ್ರಿಕ ವಿವರ ಹೇಳದೆ ಮುಂದೆ ಹೋಗಲಾರೆ. ಮುಂಬಯಿಯಲ್ಲಿ ಆಗ ಸಿನಿಮಾ ಹಾಡೆಂದರೆ ಬಹುಮಟ್ಟಿಗೆ ವಾದ್ಯವೃಂದವೂ ಗಾಯಕರೂ ಒಟ್ಟಿಗೆ ಸೇರಿ ಹಾಡುವ ಪದ್ಧತಿ. ಒಬ್ಬ ಪಿಟೀಲಿನವರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಲಂಡನ್ನಿನಲ್ಲಿ ಈ ಹಾಡು ಮುದ್ರಣವಾದದ್ದು 24 ಪಥಗಳ ಟೇಪಿನಲ್ಲಿ. ಎರಡು ಅಂಗುಲ ಅಗಲದ ಟೇಪಿನ ಮೇಲೆ 24 ಸಮಾನಾಂತರ ಗೆರೆಗಳೆಂದು ಭಾವಿಸಿ. ಒಂದರಲ್ಲಿ ಡ್ರಮ್, ಒಂದರಲ್ಲಿ ಬಾಸ್, ಒಂದರಲ್ಲಿ ಧ್ವನಿ. ಯಾವುದನ್ನು ಬೇಕಾದರೂ ಬೇರೆಯಾಗಿ ಅಳಿಸಿ ಮತ್ತೆ ಹಾಕಬಹುದು. ನಾಜಿಯಾ ಅವರ ಎಳೆಯ ದನಿ ತೆಳುವಾದದ್ದು, ತುಸು ಮೂಗಿನದು. ಬಿದ್ದು ಅದನ್ನು ತಿದ್ದಲು ಹೋಗಲಿಲ್ಲ. ಹಾಡನ್ನು ಎರಡು ಸಲ ಹಾಡಿಸಿ, ಎರಡನ್ನೂ ಒಂದರ ಮೇಲೊಂದು ಕೂಡಿಸಿದರು. ಒಬ್ಬರೇ ಎರಡು ಬಾರಿ ಹಾಡಿದರೆ ಎರಡೂ ಅಚ್ಚು ಹೊಯ್ದಂತೆ ಒಂದೇ ಆಗುವುದಿಲ್ಲ. ಕೂದಲೆಳೆಯಷ್ಟು ಹಿಂದೆ ಮುಂದೆ, ಕೂದಲೆಳೆಯಷ್ಟು ಶ್ರುತಿಯಲ್ಲಿ ಮೇಲೆ ಕೆಳಗೆ. ಆ ಅಂತರದಿಂದಲೇ ದನಿಗೆ ದಪ್ಪ ಬರುತ್ತದೆ, ಮೆಲ್ಲನೆಯ ಅಲೆದಾಟ ಬರುತ್ತದೆ. ತಂಬೂರಿಯಲ್ಲಿ ಒಂದೇ ಸ್ವರಕ್ಕೆ ಎರಡು ಸಾರಣಿ ತಂತಿ ಕಟ್ಟುವುದರ ಹಿಂದೆಯೂ ಇದೇ ಭೌತಶಾಸ್ತ್ರವಿದೆ. ಎರಡು ನಾಜಿಯಾಗಳು ಒಟ್ಟಿಗೆ ಹಾಡುತ್ತಿದ್ದಾರೆಂದು ಗೊತ್ತಿಲ್ಲದೆ ಇಡೀ ದೇಶ ಅದನ್ನು ಕೇಳಿತು.

1980ರಲ್ಲಿ ಚಿತ್ರ ತೆರೆಕಂಡಾಗ ಬೆಂಗಳೂರಿಗೆ ದೂರದರ್ಶನ ಇನ್ನೂ ಬಂದಿರಲಿಲ್ಲ, ಬಂದದ್ದು 1981ರಲ್ಲಿ. ಹಾಡು ಹರಡಿದ್ದು ಚಿತ್ರಮಂದಿರದಿಂದ, ತಟ್ಟೆ, ಕ್ಯಾಸೆಟ್ಟುಗಳಿಂದ, ಹೋಟೆಲಿನ ರೇಡಿಯೋದಿಂದ. ನಾನು ಬುದ್ಧಿ ಬಲಿಯುವ ಹೊತ್ತಿಗೆ ಅದು ಹಳೆಯ ಹಾಡಾಗಿತ್ತು. ಆದರೂ ಗಣೇಶೋತ್ಸವದ ವಾದ್ಯಗೋಷ್ಠಿಗಳಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಅದಕ್ಕೊಂದು ಕರೆ ಬಂದೇ ಬರುತ್ತಿತ್ತು. ನಾಜಿಯಾ ಅವರಿಗೆ 1981ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಪಾಕಿಸ್ತಾನದ ಮೊದಲಿಗರು ಅವರೇ. ಅದೇ ವರ್ಷ ತಮ್ಮ ಜೋಹೇಬ್ ಜೊತೆಗೂಡಿ, ಬಿದ್ದು ಅವರ ಸಂಗೀತದಲ್ಲೇ ‘ಡಿಸ್ಕೊ ದೀವಾನೆ’ ತಂದರು. ಸಿನಿಮಾದ ಹಂಗಿಲ್ಲದೆ ಉಪಖಂಡದಲ್ಲಿ ಹಾಡೊಂದು ಇಷ್ಟು ದೊಡ್ಡದಾಗಿ ಮಾರಾಟವಾಗಬಹುದೆಂದು ವ್ಯಾಪಾರಿಗಳಿಗೆ ತೋರಿಸಿಕೊಟ್ಟ ತಟ್ಟೆ ಅದು. ಗಡಿಯ ಎರಡೂ ಕಡೆ ಒಂದೇ ದನಿಗೆ ಹುಡುಗ ಹುಡುಗಿಯರು ಕುಣಿದರು.

ಗಡಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. 1995ರಲ್ಲಿ ಬಿದ್ದು ‘ಮೇಡ್ ಇನ್ ಇಂಡಿಯಾ’ ಹಾಡನ್ನು ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದ ಗಾಯಕಿ ನಾಜಿಯಾ ಅವರೇ. ಅಂಥ ಹೆಸರಿನ ಹಾಡನ್ನು ಹಾಡಿದರೆ ತನ್ನ ದೇಶದ ಜನಕ್ಕೆ ನೋವಾದೀತೆಂದು ಆಕೆ ಒಲ್ಲೆನೆಂದರು. ಹಾಡು ಅಲೀಷಾ ಚಿನಾಯ್ ಅವರ ಪಾಲಾಯಿತು. ಅದರ ಚಿತ್ರಿಕೆಯನ್ನು ಕೆನ್ ಘೋಷ್ ನಿರ್ದೇಶಿಸಿದರು, ಮಿಲಿಂದ್ ಸೋಮನ್ ಅದರಲ್ಲಿ ಪೆಟ್ಟಿಗೆಯಿಂದ ಹೊರಬಂದರು, ನನ್ನ ವಯಸ್ಸಿನ ಹುಡುಗ ಹುಡುಗಿಯರೆಲ್ಲ ಶಾಲೆಯಲ್ಲಿ ಮರುದಿನ ಅದೇ ಮಾತಾಡಿದರು. ಆ ವೇಳೆಗೆ ಹಾಡನ್ನು ಗೆಲ್ಲಿಸುವ ಕೆಲಸ ಕುಣಿತದ ನೆಲದಿಂದ ನಮ್ಮ ಪರದೆಗೆ ವರ್ಗವಾಗಿತ್ತು. ಇಂದು ಅಲ್ಲಿಂದಲೂ ಕೈಯ ಫೋನಿಗೆ ವರ್ಗವಾಗಿದೆ. ಮತ್ತೆ ಅಂಗೈಗಿಂತ ಚಿಕ್ಕ ಧ್ವನಿವರ್ಧಕ! ಈಚಿನ ಹಾಡುಗಳಲ್ಲಿ ತಗ್ಗು ಸ್ವರದ ಜೊತೆಗೆ ಅದರ ಮೇಲಿನ ಸಹಸ್ವರಗಳನ್ನೂ ಬೇಕೆಂದೇ ಬೆರೆಸುತ್ತಾರೆ. ಪುಟ್ಟ ಪೆಟ್ಟಿಗೆಯಲ್ಲಿ ತಳ ಕೇಳದಿದ್ದರೂ, ಕೇಳಿಸಿತೆಂದು ಮೆದುಳು ತಾನೇ ತುಂಬಿಕೊಳ್ಳಲಿ ಎಂದು. 1974ರಲ್ಲಿ ರೇಡಿಯೋದವರ ಮೆದುಳಿಗೆ ಈ ಸಹಾಯ ಇರಲಿಲ್ಲ.

ನಾಜಿಯಾ ಹಸನ್ ಕಾನೂನು ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು, 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಇನ್ನೂ ಮೂವತ್ತೈದು ವರ್ಷ. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಎಂಬ ಹಿಂದೀ ಚಿತ್ರದವರು ‘ಡಿಸ್ಕೊ ದೀವಾನೆ’ಯನ್ನು ಹೊಸದಾಗಿ ಮಾಡಿದಾಗ ಬೇರೆ ಗಾಯಕರನ್ನು ಸೇರಿಸಿಕೊಂಡರು. ಆದರೆ ಹಾಡಿನ ಮುಖ್ಯ ಸಾಲಿಗೆ ಹಳೆಯ ಮುದ್ರಣದಲ್ಲಿದ್ದ ಆಕೆಯ ದನಿಯನ್ನೇ ಉಳಿಸಿಕೊಂಡರು.